ಮೆಕ್ಯಾನಿಕ್ ‘ಇಸಿಎಂ ಹೋಗಿದೆ’ ಅಂತಾರೆ. ನಿಜವಾಗಿಯೂ ಹೋಗಿದೆಯಾ?

ಹಳೇಗಾಡಿ

ಎಲ್ಲರಿಗೂ ನಮಸ್ಕಾರ. ಗಾಡಿ 1999ರ ಮಾಡೆಲ್. ನಾಲ್ಕು ಸಿಲಿಂಡರ್ ಪೆಟ್ರೋಲ್, ಮಲ್ಟಿಪಾಯಿಂಟ್ ಇಂಜೆಕ್ಷನ್, ಮ್ಯಾನ್ಯುಯಲ್ ಗೇರ್. ಕಂಪನಿ ಹೆಸರು ಬರೆದರೆ ಜಗಳ ಬೇರೆ ಕಡೆ ಹೋಗುತ್ತದೆ, ಅದಕ್ಕೇ ಬರೆದಿಲ್ಲ.

ತೊಂದರೆ ಶುರುವಾಗಿ ಎರಡು ತಿಂಗಳಾಯಿತು. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನ್ ವೇಗ) ಏರುತ್ತದೆ, ಇಳಿಯುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಆಫ್. ಅರ್ಧ ಗಂಟೆ ಬಾನೆಟ್ ತೆಗೆದಿಟ್ಟರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಹೋದ ವಾರದಿಂದ ಇನ್ನೂ ಕೆಟ್ಟಿದೆ. ಕೆಲವೊಮ್ಮೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದೇ ಇಲ್ಲ.

ಇದುವರೆಗೆ ಬದಲಿಸಿದ್ದು: ಪ್ಲಗ್, ಪೆಟ್ರೋಲ್ ಪಂಪ್, ಕ್ರ್ಯಾಂಕ್ ಸೆನ್ಸರ್. ಕೊನೆಗೆ ಮೆಕ್ಯಾನಿಕ್ ಕೈಚೆಲ್ಲಿ ‘ಇಸಿಎಂ ಹೋಗಿದೆ ಸರ್’ ಅಂದರು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ಗುಜರಿಯಿಂದ ನೋಡಲು ಅದೇ ಥರದ ಒಂದು ಹಳೆ ಇಸಿಎಂ ತಂದು ಹಾಕಿದೆ. ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್. ಮೂರು ಸಲ ಹಾಗೇ ಆಯಿತು. ತೆಗೆದು ನನ್ನದೇ ಹಳೆಯದನ್ನು ವಾಪಸ್ ಹಾಕಿದ್ದೇನೆ. ತಂದ ಇಸಿಎಂ ಕೂಡ ಕೆಟ್ಟಿದ್ದಾ? ಅಥವಾ ನಾನೇ ಸುಟ್ಟೆನಾ?

ನಾಲ್ಕನೇ_ಗೇರ್

ಸಿಂಪಲ್ ಗುರು. ಎರಡೂ ಕೆಟ್ಟಿವೆ. ಇನ್ನೊಂದು ತಂದು ಹಾಕಿ ನೋಡಿ.

ಮೀಟರ್_ಮಾವ

ನಾಲ್ಕನೇ ಗೇರ್ ಅವರೇ, ಹೀಗೆ ಹೇಳಿಯೇ ಗುಜರಿಯವರು ಮನೆ ಕಟ್ಟಿಸಿಕೊಂಡಿದ್ದಾರೆ. ಸ್ವಲ್ಪ ತಡೆಯಿರಿ.

ಹಳೇಗಾಡಿ ಅವರೇ, ನಾನು ಮೂವತ್ತು ವರ್ಷದಿಂದ ವಾಹನದ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡು ಬಂದವನು. ‘ಇಸಿಎಂ ಹೋಗಿದೆ’ ಎಂದು ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಸಿಎಂ ಸರಿಯಾಗಿಯೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಡಬ್ಬಿಯ ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ ನೋಡಿ, ಅದಕ್ಕೇ ಎಲ್ಲ ತಪ್ಪೂ ಅದರ ತಲೆಗೆ.

ಮೊದಲು ಒಂದು ಪ್ರಶ್ನೆ. ಕೀ ಆನ್ ಮಾಡಿದಾಗ, ಸೆಲ್ಫ್ ಹೊಡೆಯುವ ಮೊದಲು, ಚೆಕ್ ಇಂಜಿನ್ ದೀಪ ಹತ್ತುತ್ತದಾ? ಹತ್ತಲೇಬೇಕು. ಬಲ್ಬ್ ಚೆನ್ನಾಗಿದ್ದೂ ಹತ್ತದಿದ್ದರೆ ಇಸಿಎಂ ಎದ್ದೇ ಇಲ್ಲ ಎಂದರ್ಥ. ಅದಕ್ಕೆ ಕಾರಣ ಮೂರು ಕಡೆ ಇರಬಹುದು. ಕರೆಂಟ್ ಬರುತ್ತಿಲ್ಲ, ಅರ್ಥ್ ಸರಿ ಇಲ್ಲ, ಇಲ್ಲವೇ ಸೆನ್ಸರ್‌ಗಳಿಗೆ ಇಸಿಎಂ ಕೊಡುವ 5 ವೋಲ್ಟ್ ಲೈನ್ ಎಲ್ಲೋ ಶಾರ್ಟ್ ಆಗಿದೆ. ಈ ಮೂರೂ ಸರಿ ಇದ್ದರೆ ಮಾತ್ರ ಇಸಿಎಂ ಮೇಲೆ ಅನುಮಾನ.

ಸ್ಪ್ಯಾನರ್_ಅಕ್ಕ

ಮಾವ ಹೇಳಿದ್ದಕ್ಕೆ ನನ್ನದೊಂದು ಸೇರಿಸಿ. ಗುಜರಿಯ ಇಸಿಎಂ ಎರಡು ಸೆಕೆಂಡಿಗೆ ಆಫ್ ಆಯಿತಲ್ಲ, ಅದು ಕೆಟ್ಟಿದ್ದಕ್ಕೆ ಅಲ್ಲ. ಅದು ಇಮೊಬಿಲೈಸರ್, ಕಳ್ಳತನ ತಡೆಯುವ ವ್ಯವಸ್ಥೆ. ಕೀ ಹಿಡಿಯೊಳಗೆ ಸಣ್ಣ ಚಿಪ್ ಇರುತ್ತದೆ, ಇಗ್ನಿಷನ್ ಸ್ವಿಚ್ ಸುತ್ತ ಒಂದು ಆಂಟೆನಾ ಬಳೆ. ಚಿಪ್‌ನ ನಂಬರ್ ಇಸಿಎಂಗೆ ಪರಿಚಯ ಇಲ್ಲದಿದ್ದರೆ ಇಂಜಿನ್ ಒಂದೆರಡು ಸೆಕೆಂಡು ಓಡಿ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಸ್ಟಾರ್ಟೇ ಆಗುವುದಿಲ್ಲ. ಅಂದರೆ ಗುಜರಿಯದ್ದು ಬದುಕಿದೆ, ನಿಮ್ಮ ಕೀ ಅದಕ್ಕೆ ಗೊತ್ತಿಲ್ಲ ಅಷ್ಟೇ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಗುರುತಿನ ದೀಪ ಮಿಟುಕಿತಾ?

ಇನ್ನೊಂದು, ಎರಡೂ ಇಸಿಎಂಗಳ ಲೇಬಲ್ ಪಕ್ಕಪಕ್ಕ ಇಟ್ಟು ಪಾರ್ಟ್ ನಂಬರ್ ಓದಿ. ಕೊನೆಯ ಅಕ್ಷರದ ತನಕ. ‘ಅದೇ ಥರ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹಳೇಗಾಡಿ

ಅಕ್ಕಾ, ಕೀ ದೀಪ ಮಿಟುಕಿತು! ಅದು ಯಾವಾಗಲೂ ಹಾಗೇ ಅಂದುಕೊಂಡಿದ್ದೆ. ನಂಬರ್ ನೋಡಿದೆ. ಎಲ್ಲ ಒಂದೇ, ಕೊನೆಯ ಅಕ್ಷರ ಮಾತ್ರ ಬೇರೆ.

ಮಾವ, ಕೀ ಆನ್ ಮಾಡಿ ಹತ್ತು ಸಲ ನೋಡಿದೆ. ಏಳು ಸಲ ದೀಪ ಹತ್ತಿತು, ಮೂರು ಸಲ ಇಲ್ಲ. ಹತ್ತದಿದ್ದಾಗ ಇಂಜಿನ್ ಹಿಡಿಯಲ್ಲ. ದೋಷದ ಕೋಡ್ ಓದುವ ಸ್ಕ್ಯಾನರ್ ಕೂಡ ಕನೆಕ್ಟ್ ಆಗಲ್ಲ. ದೀಪ ಹತ್ತಿದಾಗ ಪಿ0505 ಮತ್ತು ಪಿ0601 ಅಂತ ತೋರಿಸುತ್ತದೆ. ಪಿ0601 ಅಂದರೆ ಇಸಿಎಂ ಮೆಮೊರಿ ದೋಷ ಅಂತ ನೆಟ್‌ನಲ್ಲಿದೆ. ಅಂದರೆ ಹೋಗಿದೆ ಅಂತಲೇ ಅಲ್ವಾ?

ಮೀಟರ್_ಮಾವ

ಅಲ್ಲ. ಪಿ0601 ಅಂದರೆ ಇಸಿಎಂ ತನ್ನ ಮೆಮೊರಿಯನ್ನು ತಾನೇ ಕೂಡಿಸಿ ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ ಎಂದು. ಪಿ0606 ಬಂದರೆ ಪ್ರೊಸೆಸರ್‌ದೇ ದೂರು. ಇಂಥ ಕೋಡ್ ಬಂದರೆ ಅನುಮಾನ ಪಡಬೇಕು, ನಿಜ. ಆದರೆ ಸೆಲ್ಫ್ ಹೊಡೆಯುವಾಗ ಇಸಿಎಂಗೆ ಸಿಗುವ ವೋಲ್ಟೇಜ್ ಕುಸಿದರೂ, ಅರ್ಥ್ ಕೈಕೊಟ್ಟರೂ ಈ ಕೋಡ್ ಬರಬಹುದು. ನಿಮ್ಮಲ್ಲಿ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಮೊದಲು ನೋಡಬೇಕಾದ್ದು ಕರೆಂಟ್ ಮತ್ತು ಅರ್ಥ್.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನ್ ಓಡುವಾಗ 13.8ರಿಂದ 14.5. ಹಾಗೇ ಮೀಟರನ್ನು ಎಸಿ ವೋಲ್ಟಿಗೆ (ಪರ್ಯಾಯ ವಿದ್ಯುತ್) ತಿರುಗಿಸಿ ಬ್ಯಾಟರಿ ಮೇಲೇ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಎಸಿ ಕಂಡರೆ ಆಲ್ಟರ್ನೇಟರ್‌ನ ಡಯೋಡ್ ಹೋಗಿದೆ. ಆ ಅಲೆಯೇ ಸಾಕು, ಇಸಿಎಂ ಹುಚ್ಚು ಹಿಡಿದ ಹಾಗೆ ಆಡುತ್ತದೆ.

ಆಮೇಲೆ ಅರ್ಥ್. ಇಲ್ಲಿ ಎಲ್ಲರೂ ಮಾಡುವ ತಪ್ಪು, ಓಮ್ ಅಳೆಯುವುದು. ಇಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ಓಮ್ ಎಂದೇ ತೋರಿಸುತ್ತದೆ. ಯಾಕೆಂದರೆ ಮೀಟರ್ ಕಳಿಸುವ ಕರೆಂಟ್ ಅಷ್ಟು ಕಡಿಮೆ. ಆ ಒಂದು ಎಳೆಯಲ್ಲಿ ಇಂಜೆಕ್ಟರು, ಕಾಯಿಲ್ಲು, ವಾಲ್ವು ಎಲ್ಲದರ ಕರೆಂಟ್ ಹರಿಯಬೇಕು ಅಂದಾಗ ಬಂಡವಾಳ ಬಯಲಾಗುತ್ತದೆ. ಹಾಗಾಗಿ ಕೆಲಸ ನಡೆಯುತ್ತಿರುವಾಗಲೇ ವೋಲ್ಟ್ ಅಳೆಯಿರಿ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪ್ ಮೇಲಲ್ಲ. ಕೆಂಪು ಪ್ರೋಬ್ ಇಸಿಎಂಗೆ ತಂತಿಗಳು ಸೇರುವ ಕಪ್ಲರ್‌ನ ಅರ್ಥ್ ಪಿನ್‌ಗೆ, ಹಿಂದಿನಿಂದ ತೂರಿಸಿ. ತಂತಿಯ ಸಿಪ್ಪೆಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ನೀರು ಒಳಗೆ ಹೋಗಿ ಎರಡು ವರ್ಷಕ್ಕೆ ಹಸಿರು ಹಿಡಿಯುತ್ತದೆ. ಕೀ ಆನ್ ಇದ್ದಾಗ 0.1 ವೋಲ್ಟಿನೊಳಗೆ, ಸೆಲ್ಫ್ ಹೊಡೆಯುವಾಗ 0.2ರೊಳಗೆ ಇರಬೇಕು.

ಇನ್ನೊಂದು. ಇಸಿಎಂ ಪಿನ್‌ಗಳಿಗೆ ಬಲ್ಬ್ ಇರುವ ಹಳೇ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ. ಅದು ಎಳೆಯುವ ಕರೆಂಟಿಗೆ ಒಳಗಿನ ಟ್ರಾನ್ಸಿಸ್ಟರ್ ಹೋಗಬಹುದು. ಡಿಜಿಟಲ್ ಮೀಟರ್, ಇಲ್ಲವೇ ಎಲ್‌ಇಡಿ ಟೆಸ್ಟರ್ ಬಳಸಿ.

ಗ್ರೀಸ್_ಕೈ

ಮೇನ್ ರಿಲೇನೂ ಮರೆಯಬೇಡಿ. ಆ ಕಾಲದ ಗಾಡಿಗಳಲ್ಲಿ ಇಸಿಎಂ ಮತ್ತು ಪಂಪ್ ಎರಡಕ್ಕೂ ಕರೆಂಟ್ ಕೊಡುವ ರಿಲೇ ಒಳಗೆ ಬೆಸುಗೆ ಬಿರುಕು ಬಿಡುವುದು ಬಹಳ ಮಾಮೂಲು. ಬಿಸಿಲಿಗೆ ನಿಂತರೆ ಬಿರುಕು ಅಗಲ ಆಗುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ನನ್ನ ಗಾಡಿ ಒಂದು ಬೇಸಿಗೆ ಪೂರ್ತಿ ಹೀಗೆ ಕುಣಿಸಿತ್ತು. ಡಬ್ಬಿ ಬಿಚ್ಚಿ ಲೆನ್ಸ್ ಹಿಡಿದು ನೋಡಿದರೆ ಪಿನ್ ಸುತ್ತ ಕೂದಲೆಳೆಯ ಉಂಗುರ ಕಾಣುತ್ತದೆ. ಐದು ನಿಮಿಷದ ಸೋಲ್ಡರ್ ಕೆಲಸ.

ಹಳೇಗಾಡಿ

ಭಾನುವಾರ ಪೂರ್ತಿ ಗಾಡಿ ಕೆಳಗೇ ಕಳೆದೆ. ಫಲಿತಾಂಶ ಬರೆಯುತ್ತೇನೆ.

ಬ್ಯಾಟರಿ 12.5. ಸೆಲ್ಫ್ ಹೊಡೆಯುವಾಗ 10.3. ಓಡುವಾಗ 14.1. ಎಸಿ 0.04. ರಿಲೇ ಬಿಚ್ಚಿದೆ, ಬೆಸುಗೆ ಚೆನ್ನಾಗಿದೆ.

ಇಸಿಎಂ ಅರ್ಥ್ ಪಿನ್: ಕೀ ಆನ್ ಇದ್ದಾಗ 0.31 ವೋಲ್ಟ್. ಸೆಲ್ಫ್ ಹೊಡೆಯುವಾಗ 0.92!

ತಂತಿ ಹಿಡಿದುಕೊಂಡು ಹೋದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಒಂದು ಬೋಲ್ಟಿಗೆ ಮೂರು ಅರ್ಥ್ ತಂತಿ ಸೇರುತ್ತವೆ. ಮೇಲಿಂದ ನೋಡಿದರೆ ಎಲ್ಲ ಸರಿ. ಬಿಚ್ಚಿದರೆ ರಿಂಗ್ ಕೆಳಗೆ ಬಿಳಿ ಪುಡಿ, ಒಂದು ತಂತಿ ಕ್ರಿಂಪ್ ಹತ್ತಿರ ಪೂರ್ತಿ ಹಸಿರು. ಮ್ಯಾನಿಫೋಲ್ಡ್ ತಿಕ್ಕಿ ಹೊಳಪು ಬರಿಸಿ, ಹೊಸ ರಿಂಗ್ ಕ್ರಿಂಪ್ ಮಾಡಿ, ಸೋಲ್ಡರ್ ಹಾಕಿ, ಬಿಗಿ ಮಾಡಿದೆ. ಈಗ ಸೆಲ್ಫ್ ಹೊಡೆಯುವಾಗಲೂ 0.05.

ಆಮೇಲೆ ಕೀ ಆನ್ ಮಾಡಿ ಇಪ್ಪತ್ತು ಸಲ ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ದೀಪ ಹತ್ತಿತು. ಮಾವ, ನಿಮ್ಮ ಕಾಲಿಗೆ ಬಿದ್ದೆ.

ನಾಲ್ಕನೇ_ಗೇರ್

ನಾನು ಹೇಳಿದ್ದು ವಾಪಸ್ ತಗೊಂಡೆ.

ಮೀಟರ್_ಮಾವ

ಕಾಲು ಹಾಗಿರಲಿ, ಬಿಸಿ ಮಾಡಿ ನೋಡಿದಿರಾ?

ಹಳೇಗಾಡಿ

ಖುಷಿ ಒಂದೇ ದಿನ. ನಿನ್ನೆ ಸಂಜೆ ಹದಿನೈದು ಕಿಲೋಮೀಟರ್ ಓಡಿಸಿದೆ. ಐಡ್ಲಿಂಗ್ 1,800ಕ್ಕೆ ಏರಿತು, 500ಕ್ಕೆ ಬಿತ್ತು, ಆಫ್. ಕೀ ಆನ್ ಮಾಡಿದರೆ ದೀಪ ಇಲ್ಲ. ನಲವತ್ತು ನಿಮಿಷ ರಸ್ತೆ ಪಕ್ಕ ನಿಂತೆ. ತಣ್ಣಗಾದ ಮೇಲೆ ದೀಪ ಬಂತು, ಮನೆ ಸೇರಿದೆ.

ಸ್ಪ್ಯಾನರ್_ಅಕ್ಕ

ಹಾಗಾದರೆ ಅರ್ಥ್ ಒಂದು ಕಳ್ಳ, ಇನ್ನೊಬ್ಬ ಒಳಗೇ ಕೂತಿದ್ದಾನೆ. ಹಳೆ ಗಾಡಿಗಳಲ್ಲಿ ದೋಷ ಒಂಟಿಯಾಗಿ ಬರುವುದು ಕಡಿಮೆ.

ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಸಾಯುವುದೂ ಇದೇ ಥರ ಕಾಣುತ್ತದೆ. ಬಿಸಿಯಾದರೆ ಆಫ್, ತಣ್ಣಗಾದರೆ ಸ್ಟಾರ್ಟ್. ಆದರೆ ಅಲ್ಲಿ ಚೆಕ್ ಇಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್ ಕನೆಕ್ಟ್ ಆಗುತ್ತದೆ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮಾತ್ರ ಸೊನ್ನೆ ತೋರಿಸುತ್ತದೆ. ನಿಮ್ಮಲ್ಲಿ ದೀಪವೇ ಇಲ್ಲ. ಈಗ 5 ವೋಲ್ಟ್ ನೋಡಬೇಕು.

ಥ್ರಾಟಲ್ ಪೊಸಿಷನ್ ಸೆನ್ಸರ್ ಕಪ್ಲರ್ ತೆಗೆಯಿರಿ. ಮೂರು ತಂತಿ ಇರುತ್ತವೆ. ಕೀ ಆನ್ ಇದ್ದಾಗ ಒಂದರಲ್ಲಿ 5 ವೋಲ್ಟ್ ಬರಬೇಕು, 4.9ರಿಂದ 5.1 ಅಂದುಕೊಳ್ಳಿ. ತಣ್ಣಗಿದ್ದಾಗ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಗಾಡಿ ಕೆಡುವ ತನಕ ಬಿಸಿ ಮಾಡಿ ಮತ್ತೆ ಅಳೆಯಿರಿ. ಕುಸಿದಿದ್ದರೆ ಆ ಲೈನಿನಲ್ಲಿರುವ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಮ್ಯಾಪ್ ಸೆನ್ಸರ್, ಎಸಿ ಪ್ರೆಷರ್ ಸೆನ್ಸರ್, ಕ್ಯಾಮ್ ಸೆನ್ಸರ್, ಯಾವುದು 5 ವೋಲ್ಟ್ ಬಳಸುತ್ತದೋ ಅದೆಲ್ಲ. ಯಾವುದನ್ನು ಕಳಚಿದಾಗ 5 ವಾಪಸ್ ಬಂತೋ ಅದೇ ತಪ್ಪಿತಸ್ಥ. ಒಂದು ಸಣ್ಣ ಸೆನ್ಸರ್ ಶಾರ್ಟ್ ಆಗಿ ಇಡೀ ಇಸಿಎಂ ಸತ್ತ ಹಾಗೆ ಕಾಣಿಸುವುದು ನಾನು ಎಷ್ಟೋ ಸಲ ನೋಡಿದ್ದೇನೆ.

ಹೊಸಬ_2

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಯಲ್ಲೂ ಸ್ಕ್ಯಾನರ್ ಹಾಕುವ 16 ಪಿನ್ ಕಪ್ಲರ್ ಇದೆ. ಬ್ಲೂಟೂತ್ ಅಡಾಪ್ಟರ್ ಯಾವತ್ತೂ ಕನೆಕ್ಟ್ ಆಗಿಲ್ಲ. ನನ್ನ ಇಸಿಎಂ ಕೂಡ ಹೋಗಿದೆಯಾ? ಗಾಡಿ ಮಾತ್ರ ಚೆನ್ನಾಗಿ ಓಡುತ್ತಿದೆ.

ಗ್ರೀಸ್_ಕೈ

ಓಡುತ್ತಿದ್ದರೆ ಸುಮ್ನೆ ಓಡಿಸಿ ಮಾರಾಯರೇ. ಒಬಿಡಿ-2, ಅಂದರೆ ಗಾಡಿ ಸ್ಕ್ಯಾನರ್ ಜೊತೆ ಮಾತಾಡುವ ಸಾಮಾನ್ಯ ಪದ್ಧತಿ, ಅಮೆರಿಕದಲ್ಲಿ ಕಡ್ಡಾಯ ಆಗಿದ್ದು 1996ರಲ್ಲಿ, ಯುರೋಪಿನ ಪೆಟ್ರೋಲ್ ಗಾಡಿಗಳಿಗೆ 2001ರಲ್ಲಿ. ಅದಕ್ಕೂ ಮೊದಲು, ಬೇರೆ ಕಡೆ ಅದಾದ ಮೇಲೂ, ಕಪ್ಲರ್ ಆಕಾರ ಒಂದೇ ಇದ್ದು ಒಳಗಿನ ಭಾಷೆ ಆಯಾ ಕಂಪನಿಯದ್ದೇ ಆಗಿರಬಹುದು. ಆ ಅಡಾಪ್ಟರ್‌ಗೆ ಆ ಭಾಷೆ ಬರಲ್ಲ. ಹಾಂ, 16ನೇ ಪಿನ್‌ನಲ್ಲಿ ಬ್ಯಾಟರಿ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ಥ್ ಇದೆಯಾ ನೋಡಿ. ಸಿಗರೇಟ್ ಲೈಟರ್ ಫ್ಯೂಸ್ ಹೋದರೂ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಸಾಯುತ್ತದೆ.

ಹಳೇಗಾಡಿ

ಅಳೆದೆ. ತಣ್ಣಗಿದ್ದಾಗ 4.98. ಬಿಸಿಯಾಗಿ ಆಫ್ ಆದಾಗ 1.3 ವೋಲ್ಟ್. ಐದೂ ಸೆನ್ಸರ್ ಒಂದೊಂದಾಗಿ ಕಳಚಿದೆ. ಎಲ್ಲವನ್ನೂ ಕಳಚಿದ ಮೇಲೂ 1.3. ಅಲುಗಾಡಲಿಲ್ಲ.

ಮೀಟರ್_ಮಾವ

ಉಳಿದಿದ್ದು ಎರಡೇ. ಮಧ್ಯದ ವೈರಿಂಗ್ ಎಲ್ಲೋ ಉಜ್ಜಿ ಶಾರ್ಟ್ ಆಗಿರಬೇಕು, ಇಲ್ಲವೇ ಇಸಿಎಂ ಒಳಗೆ. ಇಸಿಎಂ ಕಪ್ಲರ್‌ನಿಂದ 5 ವೋಲ್ಟಿನ ಪಿನ್ ಒಂದನ್ನೇ ಬಿಡಿಸಿ. ತಂತಿ ಹಿಡಿದು ಎಳೆಯಬೇಡಿ, ಸಣ್ಣ ಕೊಕ್ಕೆ ಇರುತ್ತದೆ, ಸಪೂರ ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಹಿಂದಕ್ಕೆ ಬರುತ್ತದೆ. ಆಮೇಲೆ ಕಪ್ಲರ್ ಹಾಕಿ, ಖಾಲಿಯಾದ ಜಾಗದಲ್ಲಿ ಇಸಿಎಂ ಪಿನ್ ಮೇಲೇ ಅಳೆಯಿರಿ. ಈಗ ಆ ಪಿನ್‌ಗೆ ಹೊರಗಿನ ಯಾವ ತಂತಿಯೂ ಇಲ್ಲ. ಆಗಲೂ 1.3 ಬಂದರೆ ವೈರಿಂಗ್ ನಿರಪರಾಧಿ.

ಇಂಜಿನ್ ಬಿಸಿ ಮಾಡುತ್ತಾ ಕೂರಬೇಕಿಲ್ಲ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಇಸಿಎಂ ಡಬ್ಬಿಗೆ ಮಾತ್ರ ಬಿಸಿಗಾಳಿ ಬಿಡಿ. ಕೈಗೆ ಬಿಸಿ ತಾಗುವಷ್ಟು, ಸುಡುವಷ್ಟಲ್ಲ.

ಹಳೇಗಾಡಿ

ಹೆಂಡತಿಯ ಡ್ರೈಯರ್ ತಂದು ಕಾರಿನೊಳಗೆ ಕೂತಿದ್ದೆ. ‘ಗಾಡಿಗೆ ತಲೆ ಸ್ನಾನ ಮಾಡಿಸಿದ್ದೀರಾ’ ಅಂತ ಕೇಳಿದಳು.

ಇಂಜಿನ್ ಪೂರ್ತಿ ತಣ್ಣಗೆ. ಪಿನ್ ಬಿಡಿಸಿ ಅಳೆದೆ, 4.98. ಎಂಟು ನಿಮಿಷ ಬಿಸಿಗಾಳಿ. 4.6, 3.9, ಆಮೇಲೆ ಒಮ್ಮೆಲೇ 1.4. ದೀಪ ಆರಿತು. ಅಂದರೆ ಇಸಿಎಂ ಒಳಗೇ?

ಮೀಟರ್_ಮಾವ

ಈಗ ನಾನೂ ಒಪ್ಪುತ್ತೇನೆ. ಒಳಗೇ. ಬ್ಯಾಟರಿ ನೆಗೆಟಿವ್ ತೆಗೆದು, ಹತ್ತು ನಿಮಿಷ ಬಿಟ್ಟು, ಇಸಿಎಂ ಹೊರಗೆ ತೆಗೆಯಿರಿ. ಬೋರ್ಡ್ ಮುಟ್ಟುವ ಮೊದಲು ಗಾಡಿಯ ಲೋಹ ಮುಟ್ಟಿ, ಮೈಯ ಸ್ಟ್ಯಾಟಿಕ್ ಹೋಗಲಿ. ಮುಚ್ಚಳ ತೆಗೆದು ಮೊದಲು ಮೂಸಿ ನೋಡಿ. ತಮಾಷೆ ಅಲ್ಲ.

ಹಳೇಗಾಡಿ

ಮೀನಿನ ವಾಸನೆ!!

ಸೋಲ್ಡರ್_ಸ್ವಾಮಿ

ಕೆಪಾಸಿಟರ್. ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ನನ್ನ ಸರದಿ.

1980ರ ದಶಕದ ಕೊನೆಯಿಂದ 90ರ ದಶಕದ ತನಕ ಬಂದ ಎಷ್ಟೋ ಇಸಿಎಂಗಳಿಗೆ ಇದೇ ಕಾಯಿಲೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಂದರೆ ಸಣ್ಣ ಡ್ರಮ್ ಥರ ಇರುತ್ತದಲ್ಲ, ಅದರೊಳಗೆ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಕೆಳಗಿನ ರಬ್ಬರ್ ಬಿರಿಯುತ್ತದೆ, ದ್ರವ ಬೋರ್ಡ್ ಮೇಲೆ ಸೋರುತ್ತದೆ. ಆ ದ್ರವ ಕರೆಂಟ್ ಹರಿಸುತ್ತದೆ, ಮೇಲಿಂದ ತಾಮ್ರದ ಗೆರೆಯನ್ನೂ ತಿನ್ನುತ್ತದೆ. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ನಿಮ್ಮ 5 ವೋಲ್ಟ್ ಕುಸಿದಿದ್ದು ಇದಕ್ಕೇ ಇರಬೇಕು. ಡ್ರಮ್ ಕೆಳಗೆ ಬೋರ್ಡ್ ಬಣ್ಣ ಕಪ್ಪಾಗಿದೆಯಾ, ಹತ್ತಿರದ ಬೆಸುಗೆ ಮಂಕಾಗಿದೆಯಾ ನೋಡಿ.

ಹಾಗೇ ಇಡೀ ಬೋರ್ಡ್ ಮೇಲೆ ಲೆನ್ಸ್ ಆಡಿಸಿ. ಕೋಡ್ ಪಿ0505 ಅಂದಿರಿ, ಅದು ಐಡ್ಲಿಂಗ್ ಕಂಟ್ರೋಲ್‌ದು. ನನಗೆ ಆ ಕೋಡ್ ಮೇಲೆ ಜಾಸ್ತಿ ಅನುಮಾನ.

ಹಳೇಗಾಡಿ

ಸ್ವಾಮಿಗಳೇ, ಮೂರು ಡ್ರಮ್ ಇವೆ. ಎರಡರ ಕೆಳಗೆ ಕಪ್ಪು. ಒಂದರ ಮೇಲೆ 47 ಮೈಕ್ರೋಫ್ಯಾರಡ್ 50 ವೋಲ್ಟ್ ಅಂತಿದೆ. ಕಾಲಿನ ಪಕ್ಕದ ಒಂದು ಗೆರೆ ಅರ್ಧ ತಿಂದುಹೋಗಿದೆ.

ಇನ್ನೊಂದು ಮೂಲೆಯಲ್ಲಿ ಒಂದು ಚಿಪ್ ಮೇಲೆ ಸಾಸಿವೆ ಕಾಳಿನಷ್ಟು ಗುಳಿ. ಸುತ್ತ ಕಂದು ಬಣ್ಣ. ಅದರ ಗೆರೆ ಹಿಡಿದು ಹೋದರೆ ಐಡ್ಲಿಂಗ್ ನಿಯಂತ್ರಿಸುವ ಐಡಲ್ ವಾಲ್ವ್ ಪಿನ್‌ಗೆ ಸೇರುತ್ತದೆ.

ಸೋಲ್ಡರ್_ಸ್ವಾಮಿ

ಅದೇ. ಕೆಪಾಸಿಟರ್ ವಯಸ್ಸಿಗೆ ಹೋಗಿದೆ. ಆದರೆ ಚಿಪ್ ತಾನಾಗಿ ಗುಳಿ ಬೀಳುವುದಿಲ್ಲ, ಯಾರೋ ಸುಟ್ಟಿದ್ದಾರೆ. ಐಡಲ್ ವಾಲ್ವ್ ಕಪ್ಲರ್ ತೆಗೆದು ಅದರ ಕಾಯಿಲ್ ಓಮ್ ಅಳೆಯಿರಿ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಎಷ್ಟಿರಬೇಕು ಅಂತಿದೆ? ಇಂಜೆಕ್ಟರ್‌ಗಳನ್ನೂ ಅಳೆಯಿರಿ. ಸಾಮಾನ್ಯ ಹೈ ಇಂಪೀಡೆನ್ಸ್ ಇಂಜೆಕ್ಟರ್ ಆದರೆ 12ರಿಂದ 16 ಓಮ್.

ಹಳೇಗಾಡಿ

ಇಂಜೆಕ್ಟರ್ ನಾಲ್ಕೂ 13.8 ಆಸುಪಾಸು. ಐಡಲ್ ವಾಲ್ವ್ 9ರಿಂದ 12 ಇರಬೇಕು ಅಂತಿದೆ. ತಣ್ಣಗಿದ್ದಾಗ 6.1. ಬಿಸಿನೀರಿನಲ್ಲಿ ಪ್ಲಾಸ್ಟಿಕ್ ಕವರ್ ಕಟ್ಟಿ ಇಳಿಬಿಟ್ಟು ಅಳೆದೆ, 2.8.

ಸೋಲ್ಡರ್_ಸ್ವಾಮಿ

ಲೆಕ್ಕ ಹಾಕಿ. 14 ವೋಲ್ಟಿಗೆ 10 ಓಮ್ ಇದ್ದರೆ 1.4 ಆಂಪಿಯರ್. 2.8 ಓಮ್ ಆದರೆ 5 ಆಂಪಿಯರ್. ಆ ಪುಟ್ಟ ಚಿಪ್ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ನೀವು ಈ ವಾಲ್ವ್ ಇಟ್ಟುಕೊಂಡೇ ಸರಿಯಾದ ಇಸಿಎಂ ತಂದು ಹಾಕಿದ್ದರೆ ಅದೂ ಒಂದೆರಡು ವಾರಕ್ಕೆ ಸುಡುತ್ತಿತ್ತು. ಆಗ ಮಾರಿದವನಿಗೆ ಬೈಯುತ್ತಿದ್ದಿರಿ. ಅವತ್ತು ಎರಡು ಸೆಕೆಂಡಿಗೇ ಆಫ್ ಮಾಡಿ ಇಮೊಬಿಲೈಸರ್ ನಿಮಗೆ ಉಪಕಾರ ಮಾಡಿದೆ.

ನಾಲ್ಕನೇ_ಗೇರ್

ಹೋದ ವರ್ಷ ನನಗೆ ಆಗಿದ್ದು ಇದೇ ಇರಬೇಕು. ಎರಡು ಇಸಿಎಂ ಸುಟ್ಟೆ. ಮೂರನೆಯದು ಹಾಕುವಾಗ ಮೆಕ್ಯಾನಿಕ್ ಕಾಯಿಲ್ ಪ್ಯಾಕ್ ಕೂಡ ಬದಲಿಸಿದರು, ಆಮೇಲೆ ಸರಿಯಾಯಿತು. ಯಾಕೆ ಅಂತ ಇವತ್ತು ಗೊತ್ತಾಯಿತು. ಇಲ್ಲಿ ಬಾಯಿ ಹಾಕದೆ ಇದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಗ್ರೀಸ್_ಕೈ

ಬೋರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಸರಿಯಾಗುತ್ತೆ ಅಂತ ಒಂದು ವಿಡಿಯೋ ನೋಡಿದ್ದೆ.

ಸೋಲ್ಡರ್_ಸ್ವಾಮಿ

ದಯವಿಟ್ಟು ಬೇಡ. ಸೋರುವ ಕೆಪಾಸಿಟರ್ ಓವನ್‌ನಲ್ಲಿ ಸಿಡಿಯುತ್ತದೆ. ಬಿರುಕು ಬಿಟ್ಟ ಬೆಸುಗೆ ಅಕಸ್ಮಾತ್ ಕೂಡಿಕೊಂಡರೂ ಅದು ನಾಲ್ಕು ದಿನದ ಸಂಬಂಧ.

ಹಳೇಗಾಡಿ, ಕೆಪಾಸಿಟರ್ ಬದಲಿಸುವುದು ಸುಲಭ. ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿಯದ್ದು ತನ್ನಿ. 85 ಡಿಗ್ರಿಯದ್ದು ಬೇಡ. ನೆಗೆಟಿವ್ ಪಟ್ಟಿ ಯಾವ ಕಡೆ ಇತ್ತು ಅಂತ ಬಿಚ್ಚುವ ಮೊದಲೇ ಫೋಟೋ ತೆಗೆಯಿರಿ. ಸೋರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಚೆನ್ನಾಗಿ ತೊಳೆಯಿರಿ. ತಿಂದುಹೋದ ಗೆರೆಗೆ ಸಪೂರ ತಂತಿ ಸೇತುವೆ. ಕಷ್ಟ ಇರುವುದು ಆ ಸುಟ್ಟ ಚಿಪ್. ಅದರ ಮೇಲಿನ ನಂಬರ್ ಹುಡುಕಿದಿರಾ?

ಹಳೇಗಾಡಿ

ಹುಡುಕಿದೆ. ಎಲ್ಲೂ ಸಿಗಲ್ಲ. ಕಂಪನಿಯ ಒಳಗಿನ ನಂಬರ್ ಇರಬೇಕು.

ಸ್ಪ್ಯಾನರ್_ಅಕ್ಕ

ಹಾಗಾದರೆ ಬೇರೆ ಇಸಿಎಂ ತರುವುದೇ ದಾರಿ. ನೀವು ತಂದಿದ್ದರ ಕೊನೆಯ ಅಕ್ಷರ ಬೇರೆ ಅಂದಿರಲ್ಲ, ಅದು ಆಟೋಮ್ಯಾಟಿಕ್ ಗೇರ್ ಗಾಡಿಯದ್ದಾಗಿರಬಹುದು. ಅದನ್ನು ಹಾಕಿದರೆ ಗೇರ್‌ಬಾಕ್ಸ್ ಸಿಗ್ನಲ್ ಕಾಯುತ್ತಾ ಕೂರುತ್ತದೆ, ಐಡ್ಲಿಂಗ್ ಸರಿ ಹೋಗಲ್ಲ, ದೀಪ ಆರಲ್ಲ. ಅಕ್ಷರ ಸಮೇತ ಹೊಂದುವುದನ್ನು ಹುಡುಕಿ. ಸಿಕ್ಕರೆ ಅದರ ಜೊತೆ ಇಮೊಬಿಲೈಸರ್ ಡಬ್ಬಿ ಮತ್ತು ಕೀ ಕೂಡ ಕೇಳಿ. ಅದೇ ಗಾಡಿಯ ಮೂರೂ ಸಿಕ್ಕಿದರೆ ಕೆಲಸ ಅರ್ಧ ಮುಗಿದ ಹಾಗೆ. ಡೋರಿಗೆ ಒಂದು ಕೀ, ಸ್ಟಾರ್ಟ್ ಮಾಡಲು ಇನ್ನೊಂದು ಚಿಪ್ ಅಂತ ಆಗುತ್ತದೆ, ಅಷ್ಟೇ ಕಿರಿಕಿರಿ.

ಸೋಲ್ಡರ್_ಸ್ವಾಮಿ

ಮೂರೂ ಸಿಗದಿದ್ದರೂ ದಾರಿ ಇದೆ. ಆ ಕಾಲದ ಬಹಳ ಇಸಿಎಂಗಳಲ್ಲಿ ಕೀ ಮಾಹಿತಿ ಎಂಟು ಕಾಲಿನ ಒಂದು ಇಇಪ್ರಾಮ್ ಚಿಪ್‌ನಲ್ಲಿರುತ್ತದೆ, ಅಂದರೆ ಕರೆಂಟ್ ಹೋದರೂ ಮರೆಯದ ಮೆಮೊರಿ. 93ಸಿ46, 93ಸಿ56, 24ಸಿ02, ಹೀಗೆ ಹೆಸರು. ಹಳೆಯದರ ಮಾಹಿತಿ ಓದಿ ಹೊಸದಕ್ಕೆ ಬರೆದರೆ ನಿಮ್ಮ ಕೀಯನ್ನೇ ಅದು ಗುರುತಿಸುತ್ತದೆ. ಕೆಲವದರಲ್ಲಿ ಪ್ರೊಸೆಸರ್ ಒಳಗೇ ಇರುತ್ತದೆ, ಅಲ್ಲಿ ಇದು ನಡೆಯಲ್ಲ.

ಒಂದೇ ಎಚ್ಚರಿಕೆ. ಬರೆಯುವ ಮೊದಲು ಎರಡನ್ನೂ ಓದಿ, ಫೈಲ್ ಇಟ್ಟುಕೊಳ್ಳಿ. ಒಂದನ್ನೇ ಮೂರು ಸಲ ಓದಿ ಹೋಲಿಸಿ. ಮೂರೂ ಒಂದೇ ಇದ್ದರೆ ಮಾತ್ರ ನಂಬಿ. ಎಲ್ಲ ಕಡೆ ಎಫ್‌ಎಫ್ ಎಫ್‌ಎಫ್ ಅಂತ ಬಂದರೆ ಚಿಪ್ ಖಾಲಿ ಅಂತಲ್ಲ, ಕ್ಲಿಪ್ ಸರಿಯಾಗಿ ಕೂತಿಲ್ಲ ಅಂತ.

*ಹತ್ತು ದಿನಗಳ ನಂತರ*

ಹಳೇಗಾಡಿ

ಅಕ್ಷರ ಸಮೇತ ಹೊಂದುವ ಇಸಿಎಂ ಸಿಕ್ಕಿತು. ಕೀ, ಡಬ್ಬಿ ಸಿಗಲಿಲ್ಲ. ಹಾಕುವ ಮೊದಲು ಮುಚ್ಚಳ ತೆಗೆದೆ. ಅದರಲ್ಲೂ ಒಂದು ಕೆಪಾಸಿಟರ್ ಸೋರಲು ಶುರುವಾಗಿತ್ತು! ಮೂರನ್ನೂ ಬದಲಿಸಿದೆ. ನನ್ನ ಮೊದಲ ಬೆಸುಗೆ ನೋಡಿದರೆ ಸ್ವಾಮಿಗಳು ಅಳುತ್ತಾರೆ, ಫೋಟೋ ಹಾಕಲ್ಲ.

ಇಇಪ್ರಾಮ್ 93ಸಿ56. ಬೋರ್ಡ್ ಮೇಲೆ ಇದ್ದಾಗ ಕ್ಲಿಪ್ ಹಾಕಿ ಓದಿದರೆ ಪ್ರತಿ ಸಲ ಬೇರೆ ಬೇರೆ ಬರುತ್ತಿತ್ತು. ಒಂದಿಡೀ ರಾತ್ರಿ ತಲೆ ಕೆಟ್ಟಿತು.

ಸೋಲ್ಡರ್_ಸ್ವಾಮಿ

ಕ್ಲಿಪ್ ಕೊಡುವ ಕರೆಂಟಿನಿಂದ ಪ್ರೊಸೆಸರ್ ಕೂಡ ಅರ್ಧ ಎಚ್ಚರ ಆಗಿ ಅದೇ ಚಿಪ್ ಜೊತೆ ಮಾತಾಡಲು ಹೋಗುತ್ತದೆ. ಚಿಪ್ ಬಿಚ್ಚಿ ಓದಬೇಕು. ಹೇಳುವುದು ಮರೆತೆ, ತಪ್ಪಾಯಿತು.

ಹಳೇಗಾಡಿ

ಹೌದು, ಹೊಳೆದಿದ್ದು ಬೆಳಗಿನ ಜಾವ. ಎರಡೂ ಚಿಪ್ ಬಿಚ್ಚಿ ಓದಿದೆ, ಆಗ ಮೂರು ಸಲವೂ ಒಂದೇ ಬಂತು. ಬರೆದೆ. ಹೊಸ ಐಡಲ್ ವಾಲ್ವ್ ಹಾಕಿದೆ, 10.4 ಓಮ್. ಕಾಯಿಲ್, ಇಂಜೆಕ್ಟರ್, ಪರ್ಜ್ ವಾಲ್ವ್ ಎಲ್ಲದರ ಓಮ್ ಮತ್ತೊಮ್ಮೆ ಅಳೆದೆ. ಆಮೇಲೇ ಇಸಿಎಂ ಕಪ್ಲರ್ ಕೂರಿಸಿದೆ.

ಕೀ ಆನ್. ಚೆಕ್ ಇಂಜಿನ್ ದೀಪ ಹತ್ತಿತು. ಕೀ ದೀಪ ಎರಡು ಸೆಕೆಂಡು ನಿಂತು ಆರಿತು. ಸೆಲ್ಫ್ ಹೊಡೆದೆ. ಹಿಡಿಯಿತು. ಎರಡು ಸೆಕೆಂಡು ದಾಟುವ ತನಕ ಉಸಿರು ಬಿಟ್ಟಿರಲಿಲ್ಲ.

ಐಡ್ಲಿಂಗ್ ಮಾತ್ರ 1,100ರಲ್ಲಿ ನಿಂತಿದೆ. 800 ಇರಬೇಕು.

ಸ್ಪ್ಯಾನರ್_ಅಕ್ಕ

ಇಸಿಎಂ ಇನ್ನೂ ಕಲಿಯಬೇಕು. ಎಸಿ, ಹೆಡ್‌ಲೈಟ್, ಫ್ಯಾನ್ ಎಲ್ಲ ಆಫ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ರೇಡಿಯೇಟರ್ ಫ್ಯಾನ್ ಎರಡು ಸಲ ಓಡುವ ತನಕ ಬಿಡಿ. ಆಮೇಲೆ ಎಸಿ ಹಾಕಿ ಐದು ನಿಮಿಷ. ನಿಮ್ಮ ಗಾಡಿಗೆ ಬೇರೆ ವಿಧಾನ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೇ ಮಾಡಿ. ಥ್ರಾಟಲ್ ಬಾಡಿ ಮಸಿ ಹಿಡಿದಿದ್ದರೆ ಮೊದಲು ಅದನ್ನು ತೊಳೆಯಿರಿ, ಕೊಳೆ ಇಟ್ಟುಕೊಂಡು ಕಲಿಸಿದರೆ ಕೊಳೆಯನ್ನೇ ಕಲಿಯುತ್ತದೆ.

ಮೀಟರ್_ಮಾವ

ನನ್ನ ಕಾಲದಲ್ಲಿ ಒಂದು ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಸರಿ ಹೋಗುತ್ತಿತ್ತು. ಬಾಷ್‌ನವರು 1967ರಲ್ಲಿ ಡಿ-ಜೆಟ್ರಾನಿಕ್ ತಂದಾಗ ಅದರ ಡಬ್ಬಿಯಲ್ಲಿ ಬರೀ ಟ್ರಾನ್ಸಿಸ್ಟರು, ಪ್ರೊಸೆಸರೇ ಇರಲಿಲ್ಲ. ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಂಡ ಮೋಟ್ರಾನಿಕ್ ಬಂದಿದ್ದು 1979ರಲ್ಲಿ. ಈಗ ನೋಡಿ, ಗಾಡಿಗೆ ಪಾಠ ಹೇಳಿಕೊಡಬೇಕಂತೆ. ಇರಲಿ, ಆ ಇಸಿಎಂ ಇರುವ ಜಾಗ ಒಣಗಿದೆಯಾ ನೋಡಿದಿರಾ? ವಿಂಡ್‌ಶೀಲ್ಡ್ ಕೆಳಗಿನ ನೀರು ಹೋಗುವ ತೂತು ಎಲೆ ಕಟ್ಟಿಕೊಂಡರೆ ನೀರು ನೇರ ಕಾಲಿನ ಹತ್ತಿರ ಇಳಿಯುತ್ತದೆ.

ಹಳೇಗಾಡಿ

ಅಕ್ಕ ಹೇಳಿದ ಹಾಗೆ ಮಾಡಿದೆ. 820ಕ್ಕೆ ನಿಂತಿದೆ. ಮಾವ, ತೂತಿನಿಂದ ಒಂದು ಬೊಗಸೆ ಎಲೆ ತೆಗೆದೆ. ಕಾರ್ಪೆಟ್ ಒಣಗಿದೆ.

*ಒಂದು ತಿಂಗಳ ನಂತರ*

ಹಳೇಗಾಡಿ

900 ಕಿಲೋಮೀಟರ್ ಓಡಿತು. ಒಂದು ಸಲವೂ ಆಫ್ ಆಗಿಲ್ಲ. ಬೇಸಿಗೆ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಬೇಕಂತಲೇ ನಿಲ್ಲಿಸಿ ನೋಡಿದೆ. 5 ವೋಲ್ಟ್ 4.99. ಎಸಿ ಹಾಕಿದಾಗ ಐಡ್ಲಿಂಗ್ ಸ್ವಲ್ಪ ತಡವಾಗಿ ಏರುತ್ತದೆ, ಅದನ್ನು ಇನ್ನೊಂದು ಭಾನುವಾರ ನೋಡುತ್ತೇನೆ.

ಹೊಸಬ_2

ಸರ್, ಆಟೋಮ್ಯಾಟಿಕ್‌ದು ಅಂತ ತೆಗೆದಿಟ್ಟ ಮೊದಲ ಇಸಿಎಂ ಇನ್ನೂ ನಿಮ್ಮ ಹತ್ತಿರ ಇದೆಯಾ? ನನ್ನ ಗಾಡಿ ನಿಮ್ಮದೇ ಥರ, ಆಟೋಮ್ಯಾಟಿಕ್. ನಿನ್ನೆಯಿಂದ ಬಿಸಿಯಾದರೆ ಆಫ್ ಆಗುತ್ತಿದೆ. ನಮ್ಮ ಮೆಕ್ಯಾನಿಕ್ ಇಸಿಎಂ ಹೋಗಿದೆ ಅಂದರು.

ಹಳೇಗಾಡಿ

ಇದೆ. ನಿಮಗೆ ಹಾಗೇ ಕೊಡುತ್ತೇನೆ. ಆದರೆ ಈಗಲೇ ಅಲ್ಲ. ಐಡಲ್ ವಾಲ್ವ್ ಓಮ್ ತಣ್ಣಗಿದ್ದಾಗ ಎಷ್ಟು, ಬಿಸಿಯಿದ್ದಾಗ ಎಷ್ಟು, ಅರ್ಥ್ ಪಿನ್‌ನಲ್ಲಿ ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್, ಅಳೆದು ಇಲ್ಲಿ ಹಾಕಿ. ಡ್ರೈಯರ್ ಬೇಕಿದ್ದರೆ ಅದನ್ನೂ ಕೊಡಬಲ್ಲೆ, ಮನೆಯಲ್ಲಿ ಹೊಸದು ಬಂದಿದೆ.